ಗೈಡ್ ಮೇಡಂ ಮತ್ತು ಬಾವಿ ನೀರು

ವಿದೇಶಿ ಸ್ಕಾಲರ್‌ಶಿಪ್ ಪಡೆದು ಹೊರಗೆ ಓದಿ ಬಂದು, ನಾಗಪುರದಲ್ಲಿ ಪಾಠ ಮಾಡುತ್ತಿದ್ದ ನನ್ನ ಸಂಶೋಧನೆಯ ಗೈಡ್ ಮೇಡಂ ಧಾರವಾಡ ಕಡೆಯವರು. ನಾನೇನು ತೋರಿಸಿದರೂ ಕನ್ನಡಕ ಒರೆಸುತ್ತ, "ಇನ್ನೊಮ್ಮೆ ನೋಡವಾ" ಅನ್ನುತ್ತಿದ್ದರು.

ನಾಗಪುರದಂಚಿನ ವಾಡಿ ಆಚೆ, ಬಡವರ ಬಸ್ತಿಯೊಂದರ ಬಾವಿ ನೀರು ಕುಡಿಯಬಹುದು ಎಂದು ಅವರ ಪಿಎಚ್‌ಡಿ ಪ್ರಬಂಧದಲ್ಲಿತ್ತು. ನಾನು ಮೂರು ಸಲ ಪರೀಕ್ಷಿಸಿದೆ. ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಮಿತಿ ಮೀರಿತ್ತು. ಹೆದರುತ್ತ ತೋರಿಸಿದಾಗ ಮೇಡಂ ಕನ್ನಡಕ ಒರೆಸಿಕೊಂಡು ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡಿದರು.

ಮರುದಿನ ಸೆಮಿನಾರಿನಲ್ಲಿ ನಾನದನ್ನು ಹೇಳುತ್ತಲೇ ಹಿರಿಯ ಪ್ರೊಫೆಸರೊಬ್ಬರು, ಗೈಡ್ ಮಾತನ್ನೇ ಸುಳ್ಳು ಮಾಡ್ತೀಯಾ ಎಂದು ಗದರಿದರು. ಮೇಡಂ ಎದ್ದು ನಿಂತು, "ಅವಳದು ಸರಿ. ತಪ್ಪಿದ್ದು ನಾನು," ಎಂದು ಹಿಂದಿಯಲ್ಲಿ ಹೇಳಿದರು.

ಹೊರಬಂದಾಗ ನನಗೆ ಅಳು ತಡೆಯಲಾಗಲಿಲ್ಲ. "ಅಳೋದು ಆಮ್ಯಾಲ. ಆ ನೀರು ಕುಡಿಯೋರಿಗೆ ಹೇಳಬೇಕು, ನಡಿ ಜಲ್ದಿ," ಅಂದರು ಮೇಡಂ. ಅವತ್ತು ಬಸ್ತಿಯ ಒಂದೊಂದು ಬಾಗಿಲಲ್ಲೂ ಮೇಡಂ ಮೊದಲು ತಮ್ಮ ತಪ್ಪು ಹೇಳಿ, ಕೈ ಮುಗಿದು, ಆಮೇಲೆ ನೀರಿನ ಮಾತೆತ್ತಿದರು.