ದೊಡ್ಡವ್ವ ಮತ್ತೆ ಚಾಪೆಯ ಮೇಲೆ ಕೂತದ್ದು

ಆಗದ ಮಾತು ಎಂದವಳು ನನ್ನ ದೊಡ್ಡವ್ವ. "ರೊಟ್ಟಿ ಬಡಿಯೋ ಮನ್ಯಾಗ ಡಿಗ್ರಿ? ಹೋಗು, ಹಿಟ್ಟು ನಾದು," ಎಂದು ನಕ್ಕಿದ್ದಳು. ಕಾಲೇಜಿನ ಮೊದಲ ದಿನ ಬಸ್ಸಿನಲ್ಲಿ ನನ್ನ ಜೊತೆ ಬಂದು ಗೇಟಿನ ತನಕ ಬಿಟ್ಟು ಹೋದವಳೂ ಅವಳೇ.

ಮರಾಠಿ ಸೀಮೆಯ ಕಾತ್ರಜದಲ್ಲಿ, ಕರ್ನಾಟಕದ ಕಡೆಯ ಬಸ್ಸುಗಳು ನಿಲ್ಲುವಲ್ಲಿ, ಅವಳೂ ಅವ್ವನೂ ಖಾನಾವಳಿ ನಡೆಸುತ್ತಿದ್ದರು. ದೊಡ್ಡವ್ವನದು ಭಾರಿ ಮೈ. ಅದು ನಮಗೆಲ್ಲ ಹೆಮ್ಮೆಯ ಸಂಗತಿ. ಉಣ್ಣಲು ಬಂದ ಡ್ರೈವರೊಬ್ಬರು, "ನಿಮ್ಮನ್ನ ನೋಡಿದ್ರ ಗೊತ್ತಾಗ್ತದ ಬಿಡ್ರಿ ಅಕ್ಕಾರ, ಇಲ್ಲಿ ಊಟ ಚಲೋ ಅದ ಅಂತ," ಎಂದರೆ, "ಮತ್ತ? ಈ ಖಾನಾವಳಿಗಿ ನಾನ ಬೋರ್ಡು!" ಎನ್ನುತ್ತಿದ್ದಳು.

ನಮ್ಮ ಮನೆಯಲ್ಲಿ ಮುಟ್ಟಾದವರು ಒಲೆಯ ಹತ್ತಿರ ಹೋಗುವುದಿಲ್ಲ. ಹಿಂಬಾಗಿಲ ಬಳಿ ಚಾಪೆ ಹಾಸಿ ಕೂಡಬೇಕು. ಚಾಪೆ ಕಂಡರೆ ಯಾರೂ ಯಾಕೆಂದು ಕೇಳುವುದಿಲ್ಲ. ಮುಟ್ಟು ನಿಂತ ವರ್ಷ ದೊಡ್ಡವ್ವ, "ಇನ್ನ ಒಲಿ ಪೂರಾ ನಂದು," ಎಂದು ಖುಷಿಯಿಂದ ಹೇಳಿಕೊಂಡಳು.

ನಾನು ನರ್ಸಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದೆ. ಕನ್ನಡ ಶಾಲೆಯಿಂದ ಹೋದವಳಿಗೆ ಇಂಗ್ಲಿಷ್ ಪುಸ್ತಕವೆಂದರೆ ಹರಳಿರುವ ಅನ್ನ ಉಂಡಂತೆ. ಅಗಿದು ಅಗಿದು ನುಂಗಿದೆ. ನುಂಗಿದೆ ಎಂಬುದಕ್ಕೆ ನನಗೆ ಇವತ್ತಿಗೂ ಹೆಮ್ಮೆಯಿದೆ. ಕೊನೆಯ ವರ್ಷ ಒಂದು ಪಾಠ ಬಂತು. ಮೈಯ ಕೊಬ್ಬು ಸುಮ್ಮನಿರುವುದಿಲ್ಲ. ಮುಟ್ಟು ನಿಂತ ಮೇಲೂ ಅದು ಈಸ್ಟ್ರೋಜನ್ ಎಂಬ ಹಾರ್ಮೋನನ್ನು ತಯಾರಿಸುತ್ತದೆ. ಅದಕ್ಕೆ ಕಡಿವಾಣ ಹಾಕುವ ಇನ್ನೊಂದು ಹಾರ್ಮೋನು ಆ ವಯಸ್ಸಿನಲ್ಲಿ ಇಲ್ಲದಂತೆಯೇ. ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗುತ್ತದೆ, ಕೆಲವರಲ್ಲಿ ಅದೇ ಕ್ಯಾನ್ಸರಾಗುತ್ತದೆ. ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಂಡರೆ ತಡಮಾಡದೆ ತೋರಿಸಬೇಕು.

ಆ ಭಾನುವಾರ ಮನೆಗೆ ಬಂದೆ. ಹಿಂಬಾಗಿಲಲ್ಲಿ ಚಾಪೆ ಹಾಸಿತ್ತು. ಅದರ ಮೇಲೆ ದೊಡ್ಡವ್ವ ಬಳ್ಳೊಳ್ಳಿ ಸುಲಿಯುತ್ತಿದ್ದಳು.

"ಇದೇನವ್ವಾ?" ಎಂದೆ.

ಅವ್ವ ಒಲೆಯ ಮುಂದಿನಿಂದಲೇ ನಕ್ಕಳು. "ನಿಮ್ಮ ದೊಡ್ಡವ್ವಗ ಹೊಸಾ ಹರೇ ಬಂದದ!"

"ಯಾವಾಗಿಂದ?"

"ಹೋದ ಮಳಿಗಾಲದಿಂದ ಆಗಾಗ ಹಿಂಗ ಕೂಡ್ತಾಳ. ಲಗ್ನ ಆಗದ ಹುಡುಗಿ ಮುಂದ ಇದನ್ನೆಲ್ಲಾ ಏನ ಹೇಳೂದು?"

ನಾನು ಬಂದ ದಿನಗಳಲ್ಲಿ ಒಮ್ಮೆಯೂ ಆ ಚಾಪೆ ಹಾಸಿರಲಿಲ್ಲ. ಒಂದು ಸಲ ಹಾಸಿದ್ದರೆ! ಈ ಯೋಚನೆ ನನ್ನನ್ನು ಇನ್ನೂ ಬಿಟ್ಟಿಲ್ಲ. ರಕ್ತ ಕಂಡಾಗಲೆಲ್ಲ ಅವಳು ನೇಮದಿಂದ ಒಲೆ ಬಿಟ್ಟು ಎದ್ದಿದ್ದಳು. ಆ ನೇಮವೇ ರೋಗವನ್ನು ಮುಟ್ಟೆಂದು ತೋರಿಸಿ ಎಲ್ಲರನ್ನೂ ಸುಮ್ಮನಿರಿಸಿತ್ತು.

ಮರುದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರೇ. ಆಪರೇಷನ್ ಮಾಡಿದ ಡಾಕ್ಟರು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು: ಗರ್ಭಕೋಶ ದಾಟಿದೆ, ಮೊದಲೇ ಬಂದಿದ್ದರೆ ಮಾತು ಬೇರೆ ಇತ್ತು. ಅದನ್ನು ಕನ್ನಡದಲ್ಲಿ ಅವಳಿಗೆ ಹೇಳಬೇಕಾದವಳು ನಾನು.

ಎಲ್ಲ ಕೇಳಿ ಅವಳು ತನ್ನ ತೋಳು ಹಿಡಿದು ನೋಡಿಕೊಂಡಳು. "ಹಂಗಾದ್ರ ನಾ ಉಂಡದ್ದ ತಪ್ಪಾತೇನ?"

"ಇಲ್ಲ ದೊಡ್ಡವ್ವ. ತೆಳ್ಳಗಿದ್ದವ್ರಿಗೂ ಬರ್ತದ. ನಿನಗ ಬರೂ ಸಂಭವ ಹೆಚ್ಚಿತ್ತು, ಅಷ್ಟ."

"ಅಷ್ಟ ಅಂತ! ಬೋರ್ಡು ಇಳಿಸಿದ್ರಲ್ಲಬೇ," ಎಂದಳು. ನಗಲು ಹೋದಳು, ಹೊಲಿಗೆ ಎಳೆಯಿತು.

ಪದವಿ ಪತ್ರ ಕೈಗೆ ಬರುವಷ್ಟರಲ್ಲಿ ಔಷಧಿಗೆ ಅವಳ ಕೂದಲು ಉದುರಿತ್ತು, ಕೈಬಳೆ ಮೊಣಕೈ ತನಕ ಜಾರುತ್ತಿತ್ತು. ಒಲೆಯ ಮುಂದೆ ಅವ್ವನೊಬ್ಬಳೇ. ನಮ್ಮ ಮನೆತನದ ಮೊದಲ ಡಿಗ್ರಿ ಅದು. ಬೇರೆ ಯಾರಿಗೂ ತೋರಿಸದೆ ನೇರ ತಂದು ಅವಳ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಆಗದ ಮಾತು ಅಂದಿದ್ದೆ. ಮಾಡಿದಿ," ಎಂದಳು. ಹಿಂಬಾಗಿಲ ಕಡೆ ಒಮ್ಮೆ ನೋಡಿದಳು. "ಇನ್ನ ಮ್ಯಾಲ ನನ್ನಂಥಾಕಿ ಯಾರರ ಚಾಪಿ ಮ್ಯಾಲ ಕೂತ್ರ, ಸುಮ್ಮ ದಾಟಿ ಹೋಗಬ್ಯಾಡ. ಯಾಕ ಕೂತಿ ಅಂತ ಕೇಳು."