ಸತ್ತ ನಕ್ಷತ್ರದ ಸುದ್ದಿ

ಇಂಡಿಗೆ ಹೋಗುವ ಬಸ್ಸಿನಲ್ಲಿ ಮಡಿಲ ಕೂಸು ಮಲಗಿ, ನನಗೂ ಕಣ್ಣು ಹತ್ತುವಷ್ಟರಲ್ಲಿ ಪಕ್ಕದ ಕಾಲೇಜು ಹುಡುಗಿ ಮತ್ತೆ ತಿವಿದಳು.

"ಅಕ್ಕಾ, ಇದೊಂದು ನೋಡ್ರಿ."

ಅವಳ ಮೊಬೈಲಿನಲ್ಲಿ ಸುರುಳಿ ಸುತ್ತಿದ ನಕ್ಷತ್ರಗಳ ರಾಶಿ, ಅಂಚಿಗೆ ಹೊಳೆಯುವ ಒಂದು ಚುಕ್ಕಿ.

"ಇದು ಸಿಡಿದು ಸತ್ತ ನಕ್ಷತ್ರರಿ. ಸತ್ತು ಕೋಟಿಗಟ್ಟಲೆ ವರ್ಷ ಆಗೇತಿ. ಭಾಳ ದೂರ ಐತಲ್ರಿ, ಅದರ ಬೆಳಕು ನಮಗ ಈಗ ಮುಟ್ಟೇತಿ."

"ದೂರದ್ದೇನು ಹೇಳ್ತಿ ಬಿಡವ್ವಾ. ನನ್ನ ತವರು ಹೊರ್ತಿ, ಒಂದ ಬಸ್ಸಿನ ದಾರಿ. ಅವ್ವಗ ಆರಾಮಿಲ್ಲಂತ ಗಂಡನ ಮನ್ಯಾಗ ಹಡದೆ. ಅಕಿ ಸತ್ತದ್ದು ಕೇಳಿದ್ರ ಬಾಣಂತಿ ಹಾಲು ಬತ್ತೀತಂತ ಒಂದ ತಿಂಗಳು ಮುಚ್ಚಿಟ್ರು. ನಾ ದಿನಾ ಅಕಿ ಫೋನಿಗೆ ಕಾಯ್ತಿದ್ದೆ."

ಹುಡುಗಿ ಮೊಬೈಲ್ ಆರಿಸಿದಳು. ಆಮೇಲೆ ಕೇಳಿದಳು:

"ಹಂಗಾರ ಆ ತಿಂಗಳು ನಿಮ್ಮ ಪಾಲಿಗೆ ಅವ್ವ ಬದುಕಿದ್ರೋ, ಇಲ್ಲೋ?"