ಕಿಡಿ ಎತ್ತ ಅರಳಿತು ಎಂದು ನೋಡುವ ಕಲಂದರ

ಖಾನಾಪುರದಲ್ಲಿ ಇನ್ನೂ ಚಹಾದಂಗಡಿಯ ಒಲೆ ಹೊತ್ತಿಲ್ಲ. ಜಾಂಬೋಟಿ ರಸ್ತೆಯ ತಗಡಿನ ಶೆಡ್ಡಿನ ಮುಂದೆ ರಾಯಪ್ಪನ ಹಳೆಯ ವ್ಯಾನು ಬಾನೆಟ್ಟು ತೆರೆದು ನಿಂತಿದೆ. ಅದರೊಳಗೆ ಕಲಂದರ ಸೊಂಟದವರೆಗೆ ಮುಳುಗಿದ್ದಾರೆ. ಬಲಗೈಯಲ್ಲಿ ಇರುವುದು ಪಾನಾ ಅಲ್ಲ, ಇಕ್ಕಳವೂ ಅಲ್ಲ, ಶಾಲೆಯ ಮಕ್ಕಳು ಬರೆಯುವ ಪೆನ್ಸಿಲ್ಲು! ಗಾಡಿಯ ರಿಪೇರಿಗೆ ಪೆನ್ಸಿಲ್ಲೇಕೆ ಎಂದು ಕೇಳಿದರೆ, "ತಡೀರಿ, ಅದ ಹೇಳತೈತಿ" ಎನ್ನುತ್ತಾರೆ.

"ಹೊಡಿ ಸೆಲ್ಫ್!" ಎಂದು ಕೂಗಿದ ಕೂಡಲೇ ರಾಯಪ್ಪ ಚಾವಿ ತಿರುವುತ್ತಾನೆ. ಕಾಯಿಲಿನಿಂದ ಬರುವ ದಪ್ಪ ತಂತಿಗೂ ಪ್ಲಗ್ಗಿಗೂ ನಡುವೆ ಜೋಳದ ಕಾಳಿನಷ್ಟು ಸಂದಿ. ಆ ಸಂದಿಯಲ್ಲಿ ಪೆನ್ಸಿಲ್ಲಿನ ಮೊನೆ. ಚಟ್ ಚಟ್ ಎಂದು ಕಿಡಿ ಹಾರುತ್ತದೆ. ಮೊನೆಯನ್ನು ದಾಟಿ ಪ್ಲಗ್ಗಿನ ಕಡೆ ಅರಳಬೇಕಾದ ಕಿಡಿ ಇತ್ತ ತಂತಿಯ ಕಡೆಗೇ ಅರಳುತ್ತಿದೆ. ಕಲಂದರ ಮೆಲ್ಲಗೆ ತಲೆ ಹೊರಗೆ ತೆಗೆಯುತ್ತಾರೆ.

"ಉಲ್ಟಾ ಐತಿ ರಾಯಪ್ಪಾ. ತಪ್ಪು ನಂದು."

ಇಪ್ಪತ್ತೆರಡು ವರ್ಷಗಳಿಂದ ಗಾಡಿಗಳ ವೈರಿಂಗ್ ಮಾಡುತ್ತ ಬಂದ ಮನುಷ್ಯನ ಬಾಯಲ್ಲಿ ಇಂಥ ಮಾತು ಅಪರೂಪ. ಬೆಳಗಾವಿಯ ಅನಗೋಳದಲ್ಲಿ ಸೋದರಮಾವನ ಕೈಕೆಳಗೆ ಕೆಲಸ ಕಲಿತು, 1961ರಲ್ಲಿ ಖಾನಾಪುರಕ್ಕೆ ಬಂದವರು. ದಿನಕ್ಕೆ ಆರೇಳು ಗಾಡಿ. ಮಳೆಗಾಲದಲ್ಲಿ ಹತ್ತಾದರೂ ಆಯಿತು. ಈ ತಾಲೂಕಿನ ಅರವತ್ತಮೂರು ಹಳೆಯ ಗಾಡಿಗಳ ಜಾತಕ ಇವರ ತಲೆಯಲ್ಲಿದೆ. ಎಲ್ಲಿಯೂ ಬರೆದಿಟ್ಟಿಲ್ಲ. ಹೆಂಡತಿ ಜೋಹರಾ ನಗುತ್ತ ಚುಚ್ಚುತ್ತಾರೆ: "ನಮ್ಮ ಲಗ್ನದ ತಾರೀಖು ಕೇಳ್ರಿ, ಹೇಳಾಕ ಬರೂದಿಲ್ಲ. ಲಕ್ಷ್ಮಪ್ಪನ ಜೀಪಿನ ಮೈಗೆ ಪ್ಲಸ್ಸೋ ಮೈನಸ್ಸೋ ಕೇಳ್ರಿ, ನಿದ್ದಿಗಣ್ಣಾಗೂ ಹೇಳ್ತಾರ!"

ಏನಿದು ಪ್ಲಸ್ಸು ಮೈನಸ್ಸು? ಕಾಯಿಲ್ ಎಂದರೆ ಬ್ಯಾಟರಿಯ ಹನ್ನೆರಡು ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಪ್ಲಗ್ಗಿನಲ್ಲಿ ಕಿಡಿ ಹಾರಿಸುವ, ಚಹಾದ ಗ್ಲಾಸಿನಷ್ಟು ಗಾತ್ರದ ಡಬ್ಬಿ. ಅದರ ತಲೆಯ ಮೇಲೆ ಎರಡು ಮೊಳೆ, ಒಂದಕ್ಕೆ ಪ್ಲಸ್ ಗುರುತು, ಇನ್ನೊಂದಕ್ಕೆ ಮೈನಸ್. ಈಗಿನ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ಸನ್ನು ಗಾಡಿಯ ಮೈಗೆ ಕಟ್ಟಿರುತ್ತಾರೆ. ಚಾವಿಯಿಂದ ಬರುವ ತಂತಿ ಕಾಯಿಲಿನ ಪ್ಲಸ್ಸಿಗೆ ಹೋಗುತ್ತದೆ. ಹಳೆಯ ಕೆಲವು ಗಾಡಿಗಳಲ್ಲಿ ಮೈಗೆ ಕಟ್ಟಿರುವುದೇ ಪ್ಲಸ್ಸು. ಅಲ್ಲಿ ಚಾವಿಯ ತಂತಿ ಮೈನಸ್ಸಿಗೆ ಹೋಗಬೇಕು. ಅದಲುಬದಲಾದರೆ ಗಾಡಿ ಹೊರಡುವುದೇ ಇಲ್ಲ ಎಂದುಕೊಂಡಿರಾ? ಚೆನ್ನಾಗಿಯೇ ಹೊರಡುತ್ತದೆ! ಸಪಾಟು ರಸ್ತೆಯಲ್ಲಿ ಯಾರಿಗೂ ಅನುಮಾನ ಬಾರದಂತೆ ಓಡುತ್ತದೆ. ಆದರೆ ಕಿಡಿಗೆ ಕಸುವಿಲ್ಲ. ಮಳೆ, ಏರು, ಮೈತುಂಬ ಜನ, ಮೂರೂ ಕೂಡಿದಾಗ ಕೆಮ್ಮಿ ನಿಂತುಬಿಡುತ್ತದೆ.

ಕಳೆದ ವಾರ ಆದದ್ದೂ ಅದೇ. ಜಾಂಬೋಟಿ ಬಾಜುವಿನ ರಾಯಪ್ಪನ ಹಳ್ಳಿಗೆ ಇರುವುದು ಇದೊಂದೇ ಗಾಡಿ. ನೋವು ತಿನ್ನುತ್ತಿದ್ದ ಸತ್ಯವ್ವನನ್ನು ಆಸ್ಪತ್ರೆಗೆ ತರುವಾಗ ಹಳ್ಳದಾಚೆಯ ಏರಿನಲ್ಲಿ ವ್ಯಾನು ನಿಂತಿತು. ಸುರಿಯುವ ಮಳೆಯಲ್ಲಿ, ತಾಡಪತ್ರಿಯ ಮರೆಯಲ್ಲಿ ಹೆರಿಗೆಯಾಯಿತು. ತಾಯಿ ಮಗು ಉಳಿದದ್ದೇ ಪುಣ್ಯ. ಅಂದಿನಿಂದ ಊರ ಹೆಣ್ಣುಮಕ್ಕಳು ಆ ಗಾಡಿಯ ಹೆಸರೆತ್ತಿದರೆ ಮುಖ ತಿರುಗಿಸುತ್ತಾರೆ. ಈಗ ಅದೇ ಊರಿನ ಮಾಯಕ್ಕನ ದಿನ ತುಂಬಿದೆ. ಆಕೆಯ ಚೊಚ್ಚಲ ಮಗು ಮನೆಯ ಹೆರಿಗೆಯಲ್ಲೇ ತೀರಿಕೊಂಡಿತ್ತು. ಈ ಸಲ ಆಸ್ಪತ್ರೆಯೇ ಆಗಬೇಕೆಂದು ನರ್ಸಬಾಯಿ ಒತ್ತಿ ಹೇಳಿದ್ದಾರೆ. ಮಾಯಕ್ಕ ಮಾತ್ರ ಗಾಡಿ ಹತ್ತಲೊಲ್ಲಳು.

ಇಷ್ಟು ಬಲ್ಲ ಕಲಂದರ ಎಡವಿದ್ದು ಎಲ್ಲಿ? ಅವರ ನೆನಪಿನಲ್ಲೇ. ರಾಯಪ್ಪನ ವ್ಯಾನಿನ ಮೈಗೆ ಪ್ಲಸ್ಸು, ಇದು ಅವರಿಗೆ ಹನ್ನೆರಡು ವರ್ಷಗಳಿಂದ ಬಾಯಿಪಾಠ. ಹೋದ ತಿಂಗಳು ಕಾಯಿಲ್ ಸುಟ್ಟಾಗ ರಾಯಪ್ಪ ಅದನ್ನು ತಾನೇ ಬಿಚ್ಚಿ ಕೈಯಲ್ಲಿ ಹಿಡಿದು ತಂದಿದ್ದ. ಕಲಂದರ ಗಾಡಿ ನಿಂತಲ್ಲಿಗೇ ಹೋಗಿ ಹೊಸದನ್ನು ಕಣ್ಣುಮುಚ್ಚಿ ಹಳೆಯ ರೀತಿಯಲ್ಲೇ ಕಟ್ಟಿದರು. ಡ್ರೈವರ್ ಸೀಟಿನ ಕೆಳಗಿರುವ ಬ್ಯಾಟರಿಯನ್ನು ಇಣುಕಿ ಕೂಡ ನೋಡಲಿಲ್ಲ.

"ಖರೇ ಹೇಳು, ಬ್ಯಾಟರಿ ಯಾರು ತಿರುವಿದ್ರು?" ಎಂದು ಈಗ ಸೀಟು ಎತ್ತಿ ಕೇಳುತ್ತಾರೆ.

ರಾಯಪ್ಪ ತಲೆ ಕೆರೆದುಕೊಳ್ಳುತ್ತಾನೆ. "ಕಾಯಿಲ್ ಸುಡೂಕಿಂತ ಮೊದಲ ಬೆಳಗಾಂವದಾಗ ಟೇಪ್ ರಿಕಾರ್ಡರ್ ಕೂಡ್ರಿಸಿದೆನ್ರಿ. ಮೈಗೆ ಮೈನಸ್ ಇಲ್ಲಂದ್ರ ಅದು ಹಾಡಂಗಿಲ್ಲಂದ್ರು. ಬ್ಯಾಟರಿ, ಕಾಯಿಲ್ ಎಲ್ಲಾ ಅವರ ತಿರುವಿ ಕೊಟ್ಟಿದ್ರು."

"ಹಾಡು ಕೇಳೂ ಚೈನಿ ಮಾಡಿ, ನನಗೊಂದ ಮಾತ ಹೇಳಾಕೇನ ಆಗಿತ್ತು?" ಎಂದು ಗದರಿ, ಮರುಗಳಿಗೆಯೇ ದನಿ ಇಳಿಸುತ್ತಾರೆ. "ಇರಲಿ ಬಿಡು. ನಾನರ ನೋಡಬೇಕಿತ್ತು. ಗೊತ್ತೈತಿ ಅನ್ನೂ ಸೊಕ್ಕು."

ಎರಡು ತಂತಿ ಬಿಚ್ಚಿ ಅದಲುಬದಲು ಮಾಡಲು ಐದು ನಿಮಿಷವೂ ಹಿಡಿಯುವುದಿಲ್ಲ. ಚಾವಿಯ ತಂತಿ ಪ್ಲಸ್ಸಿಗೆ, ಡಿಸ್ಟ್ರಿಬ್ಯೂಟರಿನ ತಂತಿ ಮೈನಸ್ಸಿಗೆ. ಮತ್ತೆ ಪೆನ್ಸಿಲ್ ಹಿಡಿಯುತ್ತಾರೆ. ಕಿಡಿ ಪ್ಲಗ್ಗಿನ ಕಡೆ ಕಿತ್ತಳೆ ಬಣ್ಣದಲ್ಲಿ ಅರಳುತ್ತದೆ. ಸಣ್ಣ ಕುಂಚದಿಂದ ಬಾನೆಟ್ಟಿನ ಒಳಮೈಗೆ ದೊಡ್ಡದೊಂದು ಮೈನಸ್ ಗೀಟು ಎಳೆಯುತ್ತಾರೆ. ಇನ್ನು ಅರವತ್ತೆರಡು ಗಾಡಿಗಳಿಗೂ ಹೀಗೆ ಬರೆಯಬೇಕಂತೆ. "ನಾ ಸತ್ರ ನನ್ನ ತಲಿ ಬಿಚ್ಚಿ ಯಾರು ನೋಡ್ತಾರ್ರಿ?" ಎನ್ನುತ್ತಾರೆ.

ಬೆಳಗಿನ ಒಂಬತ್ತಕ್ಕೆ ವ್ಯಾನು ಮಾಯಕ್ಕನ ಮನೆಯ ಮುಂದೆ ನಿಂತಿದೆ. ಆಕೆ ಹೊಸ್ತಿಲು ದಾಟುತ್ತಿಲ್ಲ.

"ಸತ್ಯವ್ವ ರಸ್ತೇದಾಗ ಹಡದ್ಲು. ನಾ ಒಂದು ಕೂಸಿನ್ನ ಮಣ್ಣ ಮಾಡೇನಿ. ನನಗೀ ಗಾಡಿ ಬ್ಯಾಡ."

"ಗಾಡೀದು ತಪ್ಪಲ್ಲ ಯವ್ವಾ, ರಾಯಪ್ಪಂದೂ ಅಲ್ಲ," ಎನ್ನುತ್ತಾರೆ ಕಲಂದರ, ಅಂಗಳದಲ್ಲಿ ಮಳೆಗೆ ನೆನೆಯುತ್ತ. "ನಂದು. ನೋಡದ ಕಟ್ಟಿದ್ದೆ. ಇವತ್ತ ನೋಡಿ ಕಟ್ಟೇನಿ."

"ನಿಲ್ಲಂಗಿಲ್ಲಂತ ಬರದ ಕೊಡ್ತೀರೇನು?"

"ಬರಕೊಡಾಕ ನಾ ಸಾಲಿ ಕಲತಿಲ್ಲ. ನಿನ್ನ ಜೋಡಿ ಕುಂದರ್ತೇನಿ."

ಮಾಯಕ್ಕ ಅವರ ಮುಖ ನೋಡುತ್ತಾಳೆ. ತಪ್ಪು ನಂದು ಎಂದು ಮನೆ ಬಾಗಿಲಿಗೆ ಬಂದು ಹೇಳಿದ ಗಂಡಸನ್ನು ಆಕೆ ಹಿಂದೆಂದೂ ಕಂಡಿರಲಿಕ್ಕಿಲ್ಲ! ಕೊನೆಗೆ ಅತ್ತೆಯ ಕೈಹಿಡಿದು ಮೆಟ್ಟಿಲಿಳಿಯುತ್ತಾಳೆ.

ಹಳ್ಳ ದಾಟಿದ ಮೇಲೆ ಆ ಏರು ಬರುತ್ತದೆ. ಮಳೆ ಹಿಡಿದು ಜಡಿಯುತ್ತಿದೆ. ರಾಯಪ್ಪ ಗೇರು ಇಳಿಸುತ್ತಾನೆ. ಮಾಯಕ್ಕ ಸೀಟಿನ ಕಂಬಿ ಬಿಗಿಯಾಗಿ ಹಿಡಿದಿದ್ದಾಳೆ, ಕಲಂದರ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು ಕಣ್ಣುಮುಚ್ಚಿ ಕೂತಿದ್ದಾರೆ. ಒಂದು ಕೆಮ್ಮೂ ಇಲ್ಲದೆ ವ್ಯಾನು ನೆತ್ತಿ ಮುಟ್ಟುತ್ತದೆ. ಅವರ ತುಟಿ ಏನನ್ನೋ ಪಿಸುಗುಟ್ಟುತ್ತದೆ, ದುವಾ ಇರಬೇಕು.

ಖಾನಾಪುರದ ಆಸ್ಪತ್ರೆಯ ಬಾಗಿಲಲ್ಲಿ ಮಾಯಕ್ಕ ಇಳಿಯುತ್ತಾಳೆ. ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತು, "ಕಾಕಾ, ನನ್ನ ಕೂಸಿನ್ನ ಮನಿಗೆ ಕರಕೊಂಡ ಹೋಗಾಕೂ ಇದ ಗಾಡೀನ ಕಳಸ್ರಿ" ಎನ್ನುತ್ತಾಳೆ.

ಕಲಂದರ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಕಳಸೂದೇನವಾ," ಎನ್ನುತ್ತಾರೆ, "ನಾನ ಬರ್ತೇನಿ."